ಬೇಲಿಯ ಬುಡ

ಬೇಲಿ ಸಾಯುವುದು ಬುಡದಲ್ಲಿ. ವಾಲಿದ ಸರ್ವೆ ಕಂಬವೊಂದನ್ನು ಕಿತ್ತು ನೋಡಿ: ಮೇಲಿನ ಭಾಗ ಬಿಸಿಲಿಗೆ ಬಣ್ಣಗೆಟ್ಟಿದ್ದರೂ ಗಟ್ಟಿ, ಆಳದಲ್ಲಿ ಹೂತದ್ದೂ ಎಷ್ಟೋ ಸಲ ಗಟ್ಟಿಯೇ. ಪುಡಿಯಾಗಿರುವುದು ನೆಲಮಟ್ಟದ ಆಚೀಚಿನ ಒಂದು ಗೇಣು. ಮರವನ್ನು ತಿನ್ನುವ ಬೂಷ್ಟಿಗೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಸಮೃದ್ಧವಾಗಿ ಸಿಗುವ ಜಾಗ ಅದು. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಗೆದ್ದಲೂ ಪಾಲು ಕೇಳುತ್ತದೆ. ಆದರೂ ಜಯನಗರದಲ್ಲೋ ಬನಶಂಕರಿಯಲ್ಲೋ ತೋಟದ ಬೇಲಿ ವಾಲಿತೆಂದರೆ ಬರುವ ಸಲಹೆ ಒಂದೇ: ಎಲ್ಲ ಕಿತ್ತುಹಾಕಿ ಆರಡಿ ಗೋಡೆ ಎಬ್ಬಿಸಿಬಿಡಿ. ಗೇಣುದ್ದದ ರೋಗಕ್ಕೆ ಇಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಡ ಎನ್ನುವುದು ನನ್ನ ವಾದ. ಮಣ್ಣು ಮುಟ್ಟುವ ಭಾಗವನ್ನಷ್ಟೇ ಕಾಂಕ್ರೀಟಿಗೆ ಒಪ್ಪಿಸಿ, ಮೇಲಿನದನ್ನು ಮರ, ಬಿದಿರು, ಬಳ್ಳಿಗಳಿಗೆ ಬಿಟ್ಟರೆ ಸಾಕು.

ಇಂಗ್ಲೆಂಡಿನ ಹಿತ್ತಿಲುಗಳಲ್ಲಿ ಇದು ತೀರ ಮಾಮೂಲಿ ಪದ್ಧತಿ. ಮಗ್ಗುಲಲ್ಲಿ ಗಾಡಿ (ಹಲಗೆ ಕೂರುವ ಉದ್ದನೆಯ ತೋಡು) ಇರುವ ಕಾಂಕ್ರೀಟ್ ಕಂಬ, ಎರಡು ಕಂಬಗಳ ನಡುವೆ ತಳದಲ್ಲಿ ‘ಗ್ರಾವೆಲ್ ಬೋರ್ಡ್’ ಎಂಬ ಕಾಂಕ್ರೀಟ್ ಹಲಗೆ, ಅದರ ಮೇಲೆ ಮರದ ಚೌಕಟ್ಟು. ಮರ ನೆಲಕ್ಕೆ ತಾಗುವುದೇ ಇಲ್ಲ. ನಮ್ಮಲ್ಲೂ ಈ ಸಾಮಾನಿಗೇನೂ ಬರವಿಲ್ಲ. ಜೆ.ಪಿ. ನಗರದ ಎಂಟು, ಒಂಬತ್ತನೇ ಹಂತಗಳ ಕಡೆ, ಬನಶಂಕರಿ ಆರನೇ ಹಂತದ ಕಡೆ ಖಾಲಿ ಸೈಟುಗಳ ಸುತ್ತ ನಿಂತಿರುವ ಪ್ರೀಕಾಸ್ಟ್ ಕಾಂಪೌಂಡು ಇದರ ಖಾಸಾ ಸಂಬಂಧಿಯೇ. ಕಂಬ ನೆಟ್ಟು, ಅದರ ಗಾಡಿಯೊಳಗೆ ಅಡಿ ಎತ್ತರದ ಹಲಗೆಗಳನ್ನು ಮೇಲಿಂದ ಇಳಿಸುತ್ತ ಹೋಗುವುದು. ಸೈಟು ಯಾರೂ ನುಂಗದಿರಲಿ ಎಂದು ಹಾಕಿದ್ದರಿಂದಲೋ ಏನೋ, ಅದಕ್ಕೆ ಗೌರವವಿಲ್ಲ. ಮನೆ ಏಳುವಾಗ ಮೊದಲು ಉರುಳುವುದು ಅದೇ. ಅದರ ತಳದ ಒಂದು ಹಲಗೆಯನ್ನು ಇಟ್ಟುಕೊಂಡು ಮೇಲಿನ ನಾಲ್ಕೈದನ್ನು ಬಿಟ್ಟುಬಿಟ್ಟರೆ ತೋಟಕ್ಕೆ ಬೇಕಾದ ಬೇಲಿ ಸಿಕ್ಕಂತೆಯೇ.

ಕಲ್ಲಿನ ಊರಿನಲ್ಲಿ ಕಾಂಕ್ರೀಟ್ ಯಾಕೆ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದೇ ಜಾತಿಯ ಕಲ್ಲು ನಮ್ಮ ಕಾಲ ಕೆಳಗೆಲ್ಲ ಹಾಸಿದೆ. ಕಲ್ಲುಕಂಬದೊಳಗೆ ಕಬ್ಬಿಣವಿಲ್ಲ, ಹಾಗಾಗಿ ತುಕ್ಕಿನ ಮಾತೇ ಇಲ್ಲ. ನೆಟ್ಟಗೆ ನಿಂತಿರುವ ಕಲ್ಲುಕಂಬ ಇದ್ದವರು ಅದನ್ನು ಮುಟ್ಟಬಾರದು. ಒಳಮಗ್ಗುಲಿಗೆ ಒಂದು ಚಪ್ಪಡಿ ನಿಲ್ಲಿಸಿದರೆ ರಿಪೇರಿ ಮುಗಿಯಿತು. ಆದರೆ ಹೊಸದಾಗಿ ನೆಡುವವರಿಗೆ ಕಲ್ಲಿನಲ್ಲಿ ಗಾಡಿ ಕೊರೆಸುವುದು ದುಬಾರಿ. ಕಾಂಕ್ರೀಟ್ ಕಂಬದ ಅನುಕೂಲವೆಲ್ಲ ಆ ಗಾಡಿಯಲ್ಲೇ ಇದೆ: ಒಂದು ಹಲಗೆ ಒಡೆದರೆ ಅದನ್ನಷ್ಟೇ ಎತ್ತಿ ಇನ್ನೊಂದನ್ನು ಇಳಿಸಬಹುದು. ಸಿಮೆಂಟು ಪರಿಸರಕ್ಕೆ ಒಳ್ಳೆಯದಲ್ಲ ಎಂಬ ಆಕ್ಷೇಪವೂ ಸರಿ. ಅದಕ್ಕೇ ಗೋಡೆ ಬೇಡ, ಬುಡ ಸಾಕು ಎನ್ನುತ್ತಿರುವುದು.

ಗೋಡೆಯೇ ಭದ್ರವಲ್ಲವೇ ಎನ್ನುವವರು 30×40 ಅಡಿ ಸೈಟಿನ ಲೆಕ್ಕ ಹಾಕಲಿ. ಬಿ.ಟಿ.ಎಂ. ಬಡಾವಣೆಯಲ್ಲಿ ಕಾರು ನಿಂತ ಮೇಲೆ ತೋಟಕ್ಕೆ ಉಳಿಯುವುದು ಮೂರಡಿ ಪಟ್ಟಿ. ಸೈಜುಗಲ್ಲಿನ ಪಾಯ ಸಾಮಾನ್ಯವಾಗಿ ಒಂದೂವರೆ ಅಡಿ ಅಗಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಪಾಯದ ಉದ್ದನೆಯ ಕಾಲುವೆ ಪಕ್ಕದ ಹೊಂಗೆಯ ಬೇರನ್ನೂ ಕತ್ತರಿಸಿಕೊಂಡು ಹೋಗುತ್ತದೆ. ಕಂಬಕ್ಕಾದರೆ ಬಿಡಿ ಗುಣಿ ಸಾಕು. ಬೇರು ಅಡ್ಡ ಬಂದರೆ ಗುಣಿಯನ್ನು ಅತ್ತಿತ್ತ ಸರಿಸಿ, ಆ ಒಂದು ಹಲಗೆಯನ್ನು ಅಳತೆಗೆ ಕತ್ತರಿಸಿಕೊಳ್ಳಬಹುದು. ಕಳ್ಳನ ವಿಷಯಕ್ಕೆ ಬಂದರೆ, ಆರಡಿ ಗೋಡೆ ಹಾರಿದವನನ್ನು ಬೀದಿಯ ಕಣ್ಣಿನಿಂದ ಮರೆಮಾಡುವುದೂ ಆ ಗೋಡೆಯೇ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚುವ ಆಕ್ಷೇಪ ನೀರಿನದು. ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳ ಕಡೆಗೆ ಇಳಿಯುವ ನೆಲದಲ್ಲಿ ತಳದ ಹಲಗೆ ಒಂದು ಪುಟ್ಟ ಕಟ್ಟೆಯಾಗಿಬಿಡುತ್ತದೆ. ಅಕ್ಟೋಬರಿನ ಒಂದು ಸಂಜೆಯ ಮಳೆಗೆ ಮೇಲಿನವರ ತೋಟದಲ್ಲಿ ನೀರು ನಿಂತು, ಒದ್ದೆ ಮಣ್ಣಿನ ಭಾರಕ್ಕೆ ಹಲಗೆ ಬಿರಿಯಬಹುದು. ನೆರೆಹೊರೆಯ ಸ್ನೇಹವೂ ಬಿರಿಯಬಹುದು. ಇಳಿಜಾರಿನ ಕಡೆ ಹಲಗೆಯ ಕೆಳಗೆ ಎರಡಿಂಚು ಸಂದು ಬಿಟ್ಟು ಜಲ್ಲಿ ತುಂಬಿದರೆ ನೀರು ಹರಿದುಹೋಗುತ್ತದೆ, ಮಣ್ಣು ಬಹುಪಾಲು ಉಳಿಯುತ್ತದೆ. ಹಲಗೆಗೆ ಆನಿಸಿ ಪಾತಿ ಏರಿಸುವುದನ್ನಂತೂ ಬಿಡಬೇಕು. ಅದು ಮರವನ್ನು ಮಣ್ಣಿನಿಂದ ದೂರವಿಡುವ ಹಲಗೆ, ಮಣ್ಣು ಹೊರುವ ತಡೆಗೋಡೆಯಲ್ಲ.

ಕಾಂಕ್ರೀಟ್ ಶಾಶ್ವತವೆಂದು ನಂಬಿ ಕೊಳ್ಳುವುದೂ ತಪ್ಪು. ಒಳಗಿನ ಸರಳು ತುಕ್ಕು ಹಿಡಿದರೆ ಉಬ್ಬುತ್ತದೆ, ಕಂಬ ಉದ್ದಕ್ಕೂ ಸೀಳುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆ ಐಎಸ್ 456 ಸಾಧಾರಣ ತೇವದ ಪರಿಸ್ಥಿತಿಗೆ ಸರಳಿನ ಮೇಲೆ 30 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ನಾಲ್ಕಿಂಚಿನ ಕಂಬದಲ್ಲಿ ಗಾಡಿ ಕಳೆದರೆ ಅಷ್ಟು ಹೊದಿಕೆಗೆ ಜಾಗವೇ ಇರುವುದಿಲ್ಲ. ಆದ್ದರಿಂದ ಐದಾರು ಇಂಚಿನ ಕಂಬವನ್ನೇ ಕೇಳಬೇಕು, ಕನಿಷ್ಠ ಏಳು ದಿನ ನೀರುಣಿಸಿದ್ದಾರೆಯೇ ಎಂದು ವಿಚಾರಿಸಬೇಕು; ಗಾಡಿಯ ಅಂಚನ್ನು ಉಗುರಿನಿಂದ ಕೆರೆದಾಗ ಮರಳು ಉದುರಿದರೆ ಮುಂದಿನ ಅಂಗಡಿಗೆ ನಡೆಯಬೇಕು.