ಬೀರುವಿನ ಮೇಲಿನ ಲಕ್ಕಿ ಬರಲು

1989ರ ಜೂನ್‌ನಲ್ಲಿ ತುಮಕೂರು ಜಿಲ್ಲೆಯ ತಾಲ್ಲೂಕು ಊರೊಂದರ ಅನುದಾನರಹಿತ ಶಾಲೆಗೆ ಸೇರಿದಾಗ ನನಗೆ ಸಿಕ್ಕ ತರಬೇತಿ ಇಷ್ಟು: ಹೆಡ್‌ಮಾಸ್ಟರು ಸ್ಟಾಫ್‌ರೂಮಿನ ಬೀರುವಿನ ಮೇಲೆ ಕೈಯಾಡಿಸಿ ಒಂದು ಲಕ್ಕಿ ಬರಲು ತೆಗೆದುಕೊಟ್ಟು, "ಮೊದಲ ದಿನ ಸಲಿಗೆ ಕೊಟ್ಟರೆ ವರ್ಷಪೂರ್ತಿ ತಲೆ ಮೇಲೆ ಕೂರ್ತಾವೆ, ನೋಡಿಕೊಳ್ಳಿ" ಅಂದರು. ಟಿ.ಸಿ.ಎಚ್.ನಲ್ಲಿ ಮಕ್ಕಳ ಮನಃಶಾಸ್ತ್ರ ಓದಿದ್ದೆ, ಪಾಸೂ ಆಗಿದ್ದೆ. ಅದಕ್ಕೂ ಎದುರಿಗೆ ಕೂತ ಐವತ್ತೆಂಟು ಮಕ್ಕಳಿಗೂ ಏನಾದರೂ ಸಂಬಂಧ ಇದ್ದೀತು ಅಂತ ಹೊಳೆದೇ ಇರಲಿಲ್ಲ.

ಸಂಬಳದ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದ ಮೊತ್ತ ಒಂದು, ಕವರಿನಲ್ಲಿ ಬರುತ್ತಿದ್ದದ್ದು ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ಕವರೂ ಇಲ್ಲ.

ಆರನೇ ತರಗತಿಯಲ್ಲಿ ಒಬ್ಬ ಹುಡುಗ ಏಟು ಬಿದ್ದಾಗಲೆಲ್ಲ ನಗುತ್ತಿದ್ದ. ಅಳುವವರಿಗೆ ಎರಡೇಟಿಗೆ ನಿಲ್ಲಿಸುತ್ತಿದ್ದ ನನಗೆ ಇವನ ನಗು ಮೈಯೆಲ್ಲ ಉರಿಸುತ್ತಿತ್ತು. ಒಂದು ದಿನ ಬರಲು ಮುರಿಯಿತು. ಮುರಿದ ತುಂಡನ್ನು ಅವನೇ ಹೆಕ್ಕಿ ತಂದು ನನ್ನ ಮೇಜಿನ ಮೇಲಿಟ್ಟ, ನಗುತ್ತಲೇ. ಸ್ಟಾಫ್‌ರೂಮಿನಲ್ಲಿ ಅವನಿಗೆ 'ಎಮ್ಮೆ ಚರ್ಮ' ಅಂತ ಹೆಸರಿಟ್ಟಿದ್ದೆವು. ಹೆದರಿಕೆ ಮಿತಿಮೀರಿದಾಗ ಕೆಲವು ಮಕ್ಕಳು ನಗುತ್ತಾರೆ ಎಂಬುದು ನನಗೆ ಗೊತ್ತಾದದ್ದು ಇಪ್ಪತ್ತೈದು ವರ್ಷ ಕಳೆದ ಮೇಲೆ. ಬೆಂಗಳೂರಿನಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿಯೊಬ್ಬರು ಊಟಕ್ಕೆ ಏಳುವ ಮುಂಚೆ ಅವಸರದಲ್ಲಿ ಹೇಳಿದ ಮಾತದು. ಆ ದಿನದ ಮಿಕ್ಕ ಉಪನ್ಯಾಸದಲ್ಲಿ ಒಂದಕ್ಷರವೂ ನೆನಪಿಲ್ಲ. ಹುಡುಗ ಏಳನೇ ತರಗತಿಯಲ್ಲೇ ಟಿ.ಸಿ. ತೆಗೆದುಕೊಂಡು ಹೋಗಿದ್ದ. ಎಲ್ಲಿದ್ದಾನೋ ಗೊತ್ತಿಲ್ಲ. ಹುಡುಕುವ ಧೈರ್ಯವನ್ನೂ ಮಾಡಿಲ್ಲ.

ಗುರುವಂದನೆ ಕಾರ್ಯಕ್ರಮಗಳಲ್ಲಿ ಹಳೆ ವಿದ್ಯಾರ್ಥಿಗಳು ಮೈಕ್ ಹಿಡಿದು, "ಮಿಸ್ ಅವತ್ತು ಹೊಡೆದದ್ದಕ್ಕೇ ಇವತ್ತು ಈ ಮಟ್ಟಕ್ಕೆ ಬಂದೆ" ಅನ್ನುವುದುಂಟು. ಚಪ್ಪಾಳೆ ಬೀಳುತ್ತದೆ. ಗುರುವಂದನೆಗೆ ಬರುವವರು ಉದ್ಧಾರವಾದವರು. ಮಿಕ್ಕವರು ಶಾಲು ಹೊದಿಸಲು ಬರುವುದಿಲ್ಲ.

2010ರ ಏಪ್ರಿಲ್ 1ಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಬರಲು ಬೀರುವಿನ ಮೇಲಿಂದ ಮಾಯವಾಯಿತು. ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಎರಡನೆಯದನ್ನು ನಾವು ಯಾರೂ ಗಮನವಿಟ್ಟು ಓದಲಿಲ್ಲ. ಫೀಸು ಕಟ್ಟದ ಮಗುವನ್ನು ಪರೀಕ್ಷೆಯ ದಿನ ಬಾಗಿಲ ಹೊರಗೆ ನಿಲ್ಲಿಸುವುದು ಹಾಗೇ ನಡೆಯಿತು. ಕೈ ಕಟ್ಟಿಹಾಕಿಕೊಂಡೆವು, ನಾಲಿಗೆಗೆ ಬಿಡುವು ಕೊಡಲಿಲ್ಲ.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಮೊದಲು ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಮರುವರ್ಷ ಸರ್ಕಾರ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಘೋಷಿಸಿತು. ನಮ್ಮ ಪಾಡಿನ ಬಗ್ಗೆ ಯಾರಾದರೂ ಕೇಳಿದ್ದೇನಾದರೂ ಇದ್ದರೆ ಅದೊಂದೇ ಸಲ.

ಕಳೆದ ವರ್ಷ ಅದೇ ಶಾಲೆಗೆ ಹೋಗಿದ್ದೆ. ನನ್ನ ಶಿಷ್ಯೆಯೇ ಈಗ ಅಲ್ಲಿ ಎಚ್.ಎಂ. "ಬನ್ನಿ ಮಿಸ್, ತೋರಿಸ್ತೀನಿ" ಅಂತ ಕೈಹಿಡಿದು ಕರೆದುಕೊಂಡು ಹೋದಳು. 'ಆಪ್ತ ಸಮಾಲೋಚನಾ ಕೊಠಡಿ' ಎಂಬ ಬೋರ್ಡು. ಒಳಗೆ ಎರಡು ಕುರ್ಚಿ, ಅಳುವ ನಗುವ ಮುಖಗಳ ಚಾರ್ಟು, ಮೂಲೆಯಲ್ಲಿ ಕಿರುಪರೀಕ್ಷೆಯ ಉತ್ತರಪತ್ರಿಕೆಯ ಕಟ್ಟುಗಳು. ಸಮಾಲೋಚಕಿ ಮಂಗಳವಾರ, ಶುಕ್ರವಾರ ಬರುತ್ತಾರಂತೆ. ನಮ್ಮ ಕಾಲದಲ್ಲಿ ಈ ಎರಡು ದಿನವೂ ಇರಲಿಲ್ಲ, ಅದನ್ನು ಸುಮ್ಮನೆ ಒಪ್ಪಿಕೊಳ್ಳಬೇಕು. ಇದ್ದಿದ್ದರೆ ಆ ನಗುವ ಹುಡುಗನಿಗೆ ಹೋಗಿ ಕೂರಲು ಒಂದು ಕುರ್ಚಿ ಇರುತ್ತಿತ್ತು.

ಅವತ್ತೇ ಮೇಲಿನ ಹಾಲಿನಲ್ಲಿ ಶಿಕ್ಷಕರ ತರಬೇತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರತಿ ಶಿಕ್ಷಕರೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು. ಇಲ್ಲಿ ಆ ಗಂಟೆ ತುಂಬಿಸುವುದು ಭಾನುವಾರಗಳಲ್ಲಿ. ಹಿಂದಿನ ಸಾಲಿನವರು ತೊಡೆಯ ಮೇಲೆ ನೋಟ್ಸ್ ಇಟ್ಟುಕೊಂಡು ತಿದ್ದುತ್ತಿದ್ದರು. ತರಬೇತುದಾರರು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಕಷ್ಟ ಹೇಳಿ, ಇನ್ನೊಬ್ಬರು ಮೂರು ನಿಮಿಷ ಬುದ್ಧಿ ಹೇಳದೆ ಕೇಳಿ ಅಂದರು. ನಾನೂ ಕೂತೆ. ಒಂದು ನಿಮಿಷವೂ ತಡೆಯಲಾಗಲಿಲ್ಲ, "ನೋಡಮ್ಮ, ನೀನೇನು ಮಾಡು ಅಂದ್ರೆ..." ಎಂದು ಶುರುಮಾಡಿಬಿಟ್ಟೆ. ಮೇಷ್ಟ್ರಗಿರಿಯ ರೋಗ.

ನನ್ನೆದುರು ಕೂತಿದ್ದವಳು ಹೊಸ ಟೀಚರು. ಈಗ ಸಂಬಳ ಬ್ಯಾಂಕಿಗೇ ಬರುತ್ತದಂತೆ; ಬಂದ ಮೇಲೆ ಅದರಲ್ಲೊಂದು ಪಾಲನ್ನು ಡ್ರಾ ಮಾಡಿ ಆಫೀಸಿಗೆ ಒಪ್ಪಿಸಬೇಕಂತೆ. ತರಬೇತಿ ಮುಗಿದು ಇಳಿಯುವಾಗ ಅವಳು ಮೆಟ್ಟಿಲ ಬಳಿ ಅಂಟಿಸಿದ್ದ ಟೆಲಿ ಮಾನಸ್ ಪೋಸ್ಟರಿನ ಮುಂದೆ ನಿಂತು 14416 ಎಂಬ ನಂಬರನ್ನು ಮೊಬೈಲಿಗೆ ಹಾಕಿಕೊಂಡಳು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಅದು.

"ಕ್ಲಾಸಿನ ಮಕ್ಕಳಿಗಾ?" ಎಂದೆ.

"ಇಲ್ಲ ಮಿಸ್, ನನಗೇ" ಅಂದಳು.

ಈ ಸಲ ಮಗುವಿನ ಅಡ್ಮಿಷನ್‌ಗೆ ಹೋಗುವವರು ಸಮಾಲೋಚಕಿ ಇದ್ದಾರಾ ಎಂದು ಖಂಡಿತ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಟೀಚರುಗಳಿಗೆ ಸಂಬಳ ಕೊಡುತ್ತೀರಾ ಎಂದೂ ಕೇಳಿ.