ತೆನೆಹಬ್ಬದ ಒಂದು ಪಾಲು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳುಹಿಸಬೇಕೆಂದು ಅಪ್ಪಣೆಯಾದಾಗ, ಅಕ್ಕತಂಗಿಯರಾದ ನಾವಿಬ್ಬರೂ ಬಹಳ ಹೊತ್ತು ಆಲೋಚಿಸಿದೆವು. ಪಾಂಡಿತ್ಯದ ವಿಷಯ ನಮ್ಮಲ್ಲಿಲ್ಲ. ದೇಶ ಸುತ್ತಿದವರೂ ನಾವಲ್ಲ. ನಮ್ಮಲ್ಲಿರುವುದು ಒಂದು ಮನೆಯ ಕಥೆ. ಅದೂ ಇಬ್ಬರೂ ಕೂಡಿ ನೆನೆದರೆ ಮಾತ್ರ ಪೂರ್ಣವಾಗತಕ್ಕದ್ದು. ಅದನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೂ ಮಕ್ಕಳ ತಂದೆತಾಯಿಗಳೂ ತಾಳ್ಮೆಯಿಂದ ಓದಬೇಕಾಗಿ ಬೇಡುತ್ತೇವೆ.

ನಮ್ಮದು ನೇತ್ರಾವತಿಯ ದಡದ ಒಂದು ಹಳ್ಳಿ. ತಂದೆಯವರು ಬೊಂಬಾಯಿಯಲ್ಲಿ ಕೆಲಸದಲ್ಲಿದ್ದರು. ತಾಯಿಯವರು ಹಗಲೆಲ್ಲಾ ಬೀಡಿ ಕಟ್ಟಿ, ನಮ್ಮಿಬ್ಬರನ್ನೂ ನಮ್ಮ ತಮ್ಮನನ್ನೂ ಸಾಕುತ್ತಿದ್ದರು. ಸಂಜೆಯಾದೊಡನೆ ಬೀಡಿಯ ಮೊರವನ್ನು ಬದಿಗಿಟ್ಟು, ಕೈಕಾಲು ತೊಳೆದು, ಅಲ್ತಾರಿನ ಮುಂದೆ ದೀಪ ಹಚ್ಚುವರು. ಬಳಿಕ ಕೊಂಕಣಿಯಲ್ಲಿ ತೇರ್ಸ್, ಎಂದರೆ ಜಪಸರದ ಪ್ರಾರ್ಥನೆ. ಅದು ಮುಗಿದ ಮೇಲೆ ಕೈಜೋಡಿಸಿ ಹಿರಿಯರಲ್ಲಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡಬೇಕು. ಐದನೆಯ ರಹಸ್ಯಕ್ಕೆ ಬರುವಾಗ ನಾವು ಮೂವರೂ ತೂಕಡಿಸುತ್ತಿದ್ದೆವು. ತಮ್ಮನು ಮಾತ್ರ ತೂಕಡಿಸುತ್ತಲೇ ಮಣಿಗಳನ್ನು ತಪ್ಪದೆ ಎಣಿಸುತ್ತಿದ್ದನು. ಆಗ ವಿಶ್ವಾಸವೆಂಬುದು ನಮಗೆ ಊಟದಂತೆ, ಸ್ನಾನದಂತೆ ದಿನದ ಒಂದು ಕೆಲಸವಾಗಿತ್ತೇ ಹೊರತು, ಅದರ ಬೆಲೆಯನ್ನು ನಾವು ಕೇಳಿರಲಿಲ್ಲ.

ವರ್ಷದಲ್ಲಿ ನಮಗೆ ಅತ್ಯಂತ ಪ್ರಿಯವಾದದ್ದು ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಅದು ಮರಿಯ ಮಾತೆಯ ಜನನದ ಹಬ್ಬವೂ ಹೌದು, ನಮ್ಮ ಕರಾವಳಿಯ ಕಥೋಲಿಕರ ತೆನೆಹಬ್ಬವೂ ಹೌದು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂವು ಕೊಯ್ದು ತಂದು ಬಾಲೆ ಮರಿಯಳಿಗೆ ಅರ್ಪಿಸುವರು. ಹಬ್ಬದ ದಿನ ಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುವರು. ಮನೆಯ ಹಿರಿಯರು ಅದರ ಕಾಳುಗಳನ್ನು ಸುಲಿದು, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಎಲ್ಲರಿಗೂ ಪಾಲು ಕೊಡುವರು. ಇದೇ ನೊವೆಂ. ದೂರದಲ್ಲಿರುವವರ ಪಾಲನ್ನು ಕಾಗದದಲ್ಲಿ ಮಡಿಸಿ ಅಂಚೆಯಲ್ಲಿ ಕಳುಹಿಸುವುದುಂಟು. ತಂದೆಯವರ ಲಕೋಟೆಯ ಮೇಲೆ ವಿಳಾಸ ಬರೆಯುವ ಗೌರವಕ್ಕಾಗಿ ನಾವಿಬ್ಬರೂ ಪ್ರತಿವರ್ಷ ಜಗಳವಾಡುತ್ತಿದ್ದೆವು.

1979ರ ಆಗಸ್ಟ್ ತಿಂಗಳಲ್ಲಿ ತಮ್ಮನಿಗೆ ಜ್ವರ ಬಂದಿತು. ಎಡೆಬಿಡದ ಮಳೆ, ದೋಣಿ ದಾಟುವಂತಿರಲಿಲ್ಲ. ಐದನೆಯ ದಿನ ಆಸ್ಪತ್ರೆಗೆ ಒಯ್ದರು. ಏಳನೆಯ ದಿನ ಒಂಬತ್ತು ವರ್ಷದ ಆ ಮಗುವು ನಮ್ಮನ್ನು ಅಗಲಿತು. ಹೂವಿನ ನೊವೇನಕ್ಕೆ ಇನ್ನು ಮೂರೇ ದಿನಗಳಿದ್ದವು.

ಆ ದಿನಗಳಲ್ಲಿ ನಮ್ಮ ಹೃದಯವು ಕಲ್ಲಾಯಿತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ತೇರ್ಸಿಗೆ ಕುಳಿತರೂ ತುಟಿ ಅಲುಗಿಸಲಿಲ್ಲ. ಹೂವು ಕೊಯ್ಯಲು ಹೋಗುವುದಿಲ್ಲವೆಂದು ತಾಯಿಗೆ ಮುಖಕ್ಕೆ ಹೇಳಿಬಿಟ್ಟೆವು. ಅವರು ಗದರಿಸಲಿಲ್ಲ. ನಾವು ಬಿಟ್ಟ ಉತ್ತರಾರ್ಧವನ್ನೂ ತಾವೇ ಹೇಳಿಕೊಂಡು, ಒಬ್ಬರೇ ಇಡೀ ಜಪಸರವನ್ನು ಮುಗಿಸುತ್ತಿದ್ದರು. ಒಮ್ಮೊಮ್ಮೆ ನಡುವೆ ಸ್ವರ ಕಟ್ಟಿಕೊಳ್ಳುತ್ತಿತ್ತು. ಆಗ ಮಳೆಯ ಸದ್ದು ಮಾತ್ರ ಕೇಳಿಸುವುದು. ಬಳಿಕ ಅವರು ಬಿಟ್ಟಲ್ಲಿಂದಲೇ ಪುನಃ ತೊಡಗುವರು.

30ನೆಯ ತಾರೀಖಿನ ಬೆಳಿಗ್ಗೆ ನೆರೆಮನೆಯ ಅಜ್ಜಿ ಅಂಗಳಕ್ಕೆ ಬಂದರು. ಅವರು ಹಿಂದುಗಳು, ದಿನವೂ ತುಳಸಿಕಟ್ಟೆಗೆ ನೀರೆರೆಯುವವರು. ತಲೆಯ ಮೇಲೆ ಗೊರಬೆ, ಕೈಯಲ್ಲಿ ತುಂಬಿದ ಬುಟ್ಟಿ: ದಾಸವಾಳ, ಕೇಪಳ, ಗೊಂಡೆ.

"ಬಾಯೀ, ನಿಮ್ಮ ಮಗನು ಆಟಿ ತಿಂಗಳಲ್ಲೇ ಬಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಒಂಬತ್ತು ದಿನ ನನ್ನ ಗಿಡದ ಹೂವು ಅವನ ಮಾತೆಗೆ ಎಂದು. ಕೊಟ್ಟ ಮಾತನ್ನು ನಾನು ಹೇಗೆ ಮುರಿಯಲಿ?" ಎಂದರು.

ತಾಯಿಯವರು ಏನೂ ಹೇಳಲಾರದೆ ಕಂಬವನ್ನು ಹಿಡಿದು ನಿಂತರು. ನಾವಿಬ್ಬರೂ ಪರಸ್ಪರ ಮುಖ ನೋಡಿ, ಬುಟ್ಟಿಯನ್ನು ತೆಗೆದುಕೊಂಡು ಇಗರ್ಜಿಗೆ ನಡೆದೆವು. ಭಕ್ತಿಯಿಂದ ಹೋದೆವೆಂದು ಹೇಳಲಾರೆವು; ಅಜ್ಜಿಯ ಮಾತು ಸುಳ್ಳಾಗಬಾರದೆಂದು ಹೋದೆವು. ಒಂಬತ್ತು ದಿನವೂ ಅವರು ಹೂವು ತಂದರು. ಒಂಬತ್ತು ದಿನವೂ ನಾವು ಹೋದೆವು.

ಹಬ್ಬದ ದಿನ ತಾಯಿಯವರು ಎಂದಿನಂತೆ ಕಾಳು ಸುಲಿದರು. ತಂದೆಯವರ ಪಾಲನ್ನು ಕಾಗದದಲ್ಲಿ ಮಡಿಸಿದರು. ನಮಗೆ ಕೊಟ್ಟರು, ತಾವೂ ತೆಗೆದುಕೊಂಡರು. ಆದರೆ ಅಭ್ಯಾಸಬಲದಿಂದ ಅವರು ಐದು ಪಾಲು ಮಾಡಿದ್ದರು. ಉಳಿದ ಒಂದನ್ನು ನೋಡುತ್ತಾ ಸ್ವಲ್ಪ ಹೊತ್ತು ಕುಳಿತಿದ್ದು, ಹಾಲಿನ ಲೋಟವನ್ನು ಸೆರಗಿನಿಂದ ಮುಚ್ಚಿ, ನೆರೆಮನೆಗೆ ಹೋಗಿ, ಅಜ್ಜಿಯ ಕೈಯಲ್ಲಿಟ್ಟು, "ಇದು ನನ್ನ ಮಗನ ಪಾಲು" ಎಂದರು. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು ಕುಡಿದರು. ಆ ರಾತ್ರಿ ತೇರ್ಸಿನಲ್ಲಿ ಉತ್ತರಾರ್ಧವನ್ನು ನಾವು ಹೇಳಿದೆವು.

ಆದರೂ ನಮ್ಮ ಪ್ರಶ್ನೆಯು ಹಾಗೆಯೇ ಇತ್ತು. ಶಾಲೆಯಲ್ಲಿ ನೀತಿಪಾಠದ ಹೊತ್ತಿಗೆ ನಾವದನ್ನು ಸಿಸ್ಟರರಲ್ಲಿ ಕೇಳಿಯೇ ಬಿಟ್ಟೆವು: ದೇವರು ಪ್ರೀತಿಸ್ವರೂಪನಾದರೆ ನಮ್ಮ ತಮ್ಮನನ್ನು ಏಕೆ ಕೊಂಡೊಯ್ದನು? ಅವರು ಬಹಳ ಹೊತ್ತು ಸುಮ್ಮನಿದ್ದು, "ನನಗೆ ತಿಳಿಯದು, ಮಕ್ಕಳೇ. ಲಾಜರನ ಸಮಾಧಿಯ ಮುಂದೆ ನಮ್ಮ ಸ್ವಾಮಿಯೂ ಅತ್ತರು" ಎಂದರು. ಮರುದಿನ ಲಿಸ್ಯೂವಿನ ಸಂತ ತೆರೇಸಮ್ಮನವರ ಆತ್ಮಕಥೆಯನ್ನು ನಮ್ಮ ಕೈಗೆ ಕೊಟ್ಟರು.

ಆ ಪುಸ್ತಕವು 1898ರಲ್ಲಿ, ಆಕೆ ತೀರಿಹೋದ ಮರುವರ್ಷ, ಪ್ರಕಟವಾದದ್ದು. ಹದಿನೈದರಲ್ಲಿ ಕಾರ್ಮೆಲ್ ಮಠವನ್ನು ಸೇರಿ ಇಪ್ಪತ್ತನಾಲ್ಕರಲ್ಲಿ ಕ್ಷಯರೋಗದಿಂದ ತೀರಿಕೊಂಡ ಆಕೆ, ಚಿಕ್ಕ ಕೆಲಸವನ್ನು ದೊಡ್ಡ ಪ್ರೀತಿಯಿಂದ ಮಾಡುವುದೇ ತನ್ನ ದಾರಿಯೆಂದು ಬಗೆದವರು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. 1896ರ ಈಸ್ಟರಿನಿಂದ ಮರಣದವರೆಗೂ, ಪರಲೋಕವಿದೆಯೆಂಬ ವಿಶ್ವಾಸಕ್ಕೇ ಆಕೆಯ ಮನಸ್ಸಿನಲ್ಲಿ ಕತ್ತಲು ಕವಿದಿತ್ತಂತೆ. ಆಕೆ ಪ್ರಾರ್ಥನೆಯನ್ನು ಬಿಡಲಿಲ್ಲ. ಆಕೆಯ ತಾಯಿ ಸೆಲಿಯಮ್ಮನವರು ಲೇಸು ಹೆಣೆದು ಸಂಸಾರಕ್ಕೆ ಆಸರೆಯಾದವರು. ಒಂಬತ್ತು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಮಣ್ಣಿಗಿಟ್ಟು, 1877ರಲ್ಲಿ ತಾವೂ ಅರ್ಬುದ ರೋಗದಿಂದ ತೀರಿಕೊಂಡರು. ಇದನ್ನೋದುವಾಗ ಬೀಡಿಯ ಮೊರದ ಮುಂದೆ ಕುಳಿತ ನಮ್ಮ ತಾಯಿಯ ಕೈಗಳೇ ನಮಗೆ ಕಾಣಿಸಿದವು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಸೆಲಿಯಮ್ಮನವರನ್ನೂ ಅವರ ಪತಿ ಲೂಯಿಯವರನ್ನೂ ಒಟ್ಟಿಗೆ ಸಂತರೆಂದು ಸಾರಿದಾಗ, ನಾವು ಮೊದಲು ಹೋದದ್ದು ತಾಯಿಯ ಸಮಾಧಿಗೆ.

ದುಃಖವನ್ನೇ ಹೇಳಿ ಮುಗಿಸಿದರೆ ತಾಯಿಯವರು ಮೆಚ್ಚಲಾರರು. 1991ರಲ್ಲಿ ನಮ್ಮಲ್ಲಿ ಹಿರಿಯಳ ಮದುವೆಯಾಯಿತು. ರೋಸಿನ ಸಂಜೆ ತಲೆಯ ಮೇಲೆ ತೆಂಗಿನ ಹಾಲೆರೆಯುವಾಗ ಇಡೀ ಅಂಗಳವು ನಕ್ಕಿತು. ಅಜ್ಜಿಯು ಆಗಲೂ ಇದ್ದರು. ಕಣ್ಣು ಮಂಜಾಗಿದ್ದರೂ ಬಾಗಿಲ ಬಳಿ ಕುಳಿತು, ಕೇಪಳದ ಹೂವನ್ನು ತಡವಿ ತಡವಿ ಮಾಲೆ ಕಟ್ಟಿದರು. ಕಾನಾ ಊರಿನ ಮದುವೆಗೆ ಸ್ವಾಮಿಯು ಕರೆಯದೆ ಬಂದವರಲ್ಲ, ಕರೆದುದಕ್ಕೆ ಬಂದವರು ಎಂದು ತಾಯಿಯವರು ಅಂದು ನೆನಪಿಸಿದರು.

ನಮ್ಮ ಪ್ರಶ್ನೆಗೆ ಈಗಲೂ ಉತ್ತರ ದೊರೆತಿಲ್ಲ. ಆದರೆ ಉತ್ತರವನ್ನು ಕಾಯುತ್ತಾ ಕುಳಿತುಕೊಳ್ಳಲು ಒಂದು ಮನೆ ದೊರೆತಿದೆ. ಅದನ್ನೇ ನಾವು ವಿಶ್ವಾಸವೆಂದು ಕರೆಯುತ್ತೇವೆ. ಪ್ರತಿವರ್ಷ ಮೊಂತಿ ಹಬ್ಬದಂದು ನಾವಿಬ್ಬರೂ ಇಂದಿಗೂ ಒಂದು ಪಾಲು ಹೆಚ್ಚಿಗೆ ಮಾಡಿ, ಯಾವುದಾದರೂ ನೆರೆಮನೆಯ ಮಗುವಿಗೆ ಕೊಡುತ್ತೇವೆ.

ನಮಗೆ ಅಕ್ಷರವನ್ನೂ, ತಿಳಿಯದ್ದನ್ನು ತಿಳಿಯದೆನ್ನುವ ಪ್ರಾಮಾಣಿಕತೆಯನ್ನೂ ಕಲಿಸಿದ ಈ ಶಾಲೆಯು ಚಿರಕಾಲ ಬಾಳಲಿ. ಇಲ್ಲಿ ಓದುವ ಎಲ್ಲಾ ಮಕ್ಕಳಿಗೂ ಅವರವರ ಮನೆಯ ಹಿರಿಯರ ಬೆಸಾಂವ್ ಇರಲಿ ಎಂದು ಬೇಡಿ ವಿರಮಿಸುತ್ತೇವೆ.