ಡೈಲಾಗ್ ಎಲ್ಲಿ ನಿಲ್ಲಬೇಕು, ಎಷ್ಟು ಜಾಗ ಹಿಡಿಯಬೇಕು?

ಬಸ್ಸಿನಲ್ಲಿ ನಿಂತು ಹೋಗುವವರನ್ನು ಗಮನಿಸಿ ನೋಡಿ. ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಮೊಬೈಲು. ಹಿಡಿಯುವುದೂ ಆ ಕೈಯೇ, ಒತ್ತುವುದೂ ಅದರ ಹೆಬ್ಬೆರಳೇ. ಅಂಥ ಹೊತ್ತಿನಲ್ಲಿ ಆ್ಯಪ್ ಒಂದು ಡೈಲಾಗ್, ಅಂದರೆ ಪರದೆಯ ಮೇಲೆ ಪ್ರಶ್ನೆಯ ಪುಟ್ಟ ಪೆಟ್ಟಿಗೆ, ಎಬ್ಬಿಸಿ ‘ಮುಂದುವರಿಯಬೇಕೇ?’ ಎಂದು ಕೇಳುತ್ತದೆ. ಉತ್ತರ ಗೊತ್ತು, ಬೆರಳು ಎಟುಕುವುದಿಲ್ಲ.

2007ರ ಮೊದಲ ಐಫೋನಿನ ಪರದೆ ಮೂರೂವರೆ ಇಂಚಿನದು. ಹೆಬ್ಬೆರಳು ಅದರ ಮೂಲೆಮೂಲೆಗೂ ಹೋಗುತ್ತಿತ್ತು. ಡೈಲಾಗ್ ನಡುವೆ ಬಂದರೂ ಯಾರಿಗೂ ತೊಂದರೆಯಿರಲಿಲ್ಲ. ಈಗಿನ ಫೋನುಗಳಲ್ಲಿ ಹೆಚ್ಚಿನವು ಆರು ಇಂಚು ದಾಟಿವೆ. ಪರದೆ ಬೆಳೆಯಿತು, ಹೆಬ್ಬೆರಳು ಬೆಳೆಯಲಿಲ್ಲ. ಪರದೆಯ ಬುಡದಿಂದ ಮೇಲೇಳುವ ಬಾಟಮ್ ಶೀಟ್ ಇಷ್ಟು ಬಳಕೆಗೆ ಬಂದದ್ದಕ್ಕೆ ಇದೂ ಒಂದು ಕಾರಣ. ಫೋಟೊ ಹಂಚುವುದು, ಪಟ್ಟಿಯಲ್ಲಿ ಒಂದನ್ನು ಆರಿಸುವುದು ಇಂಥವಕ್ಕೆಲ್ಲ ಕೆಳಗಿನ ಜಾಗವೇ ಸರಿ. ಖಾತೆಯನ್ನೇ ಶಾಶ್ವತವಾಗಿ ಅಳಿಸುವಂಥ ಪ್ರಶ್ನೆಯಾದರೆ ಮಾತ್ರ ಅದು ನಡುವೆಯೇ ಬರಲಿ. ಅಲ್ಲಿ ಬೆರಳು ತುಸು ತಡೆದರೆ ಒಳ್ಳೆಯದೇ.

ಜಾಗದ ಮಾತಾಯಿತು, ಇನ್ನು ಅಳತೆ. ಪರದೆಗಳ ಸಾಂದ್ರತೆ ಒಂದೊಂದು ಫೋನಿಗೂ ಒಂದೊಂದು ಥರ. ಅದಕ್ಕೇ ಆಂಡ್ರಾಯ್ಡ್‌ನಲ್ಲಿ ಪಿಕ್ಸೆಲ್ ಬಿಟ್ಟು ಡಿಪಿ ಲೆಕ್ಕ ಹಿಡಿಯುತ್ತಾರೆ. ಇಂಚಿಗೆ 160 ಚುಕ್ಕೆಯ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಪಿಕ್ಸೆಲ್. ಗೂಗಲ್‌ನ ಮೆಟೀರಿಯಲ್ ಡಿಸೈನ್ ಹೇಳುವ ಪ್ರಕಾರ ಡೈಲಾಗಿನ ಅಗಲ 280ರಿಂದ 560 ಡಿಪಿ, ಒತ್ತುವ ಜಾಗ ಕನಿಷ್ಠ 48 ಡಿಪಿ. ಒತ್ತುವ ಜಾಗಕ್ಕೆ ಆ್ಯಪಲ್ ತನ್ನದೇ ಅಳತೆಯಲ್ಲಿ 44 ಪಾಯಿಂಟ್ ಎನ್ನುತ್ತದೆ. ಇದು ಅಲಂಕಾರದ ಲೆಕ್ಕವಲ್ಲ, ಬೆರಳ ತುದಿಯ ಲೆಕ್ಕ. ಆಂಡ್ರಾಯ್ಡ್ ಕಲಿಯುವವರನ್ನು ಕಾಡುವ ಒಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ಡೈಲಾಗಿನ ಅಗಲ ಬದಲಿಸುವ ಸೆಟ್‌ಲೇಔಟ್ ಸಾಲನ್ನು ಡೈಲಾಗನ್ನು ತೋರಿಸುವ ಶೋ ಸಾಲಿನ ನಂತರ ಬರೆಯಬೇಕು. ಮೊದಲೇ ಬರೆದರೆ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಎತ್ತರದ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಬೇರೆಯೇ ಅನುಭವ. ನಮ್ಮ ಲಿಪಿ ಸಾಲಿನ ಕೆಳಗೂ ಇಳಿಯುತ್ತದೆ. ಇಂಗ್ಲಿಷಿಗೆಂದು ಎತ್ತರ ನಿಗದಿ ಮಾಡಿದ ಬಟನ್ನಿನಲ್ಲಿ ‘ರದ್ದುಗೊಳಿಸಿ’ ಎಂದು ಬರೆದರೆ ದ್ದು ಅಕ್ಷರದ ಒತ್ತು ಅರ್ಧಕ್ಕೇ ಕತ್ತರಿಸಿಹೋಗಬಹುದು. ಕಣ್ಣು ಮಂಜಾದ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಆಂಡ್ರಾಯ್ಡ್ 14ರಲ್ಲಿ ಅದನ್ನು ಶೇ. 200ರವರೆಗೆ ಹಿಗ್ಗಿಸಬಹುದು. ಆಗ ನಾಲ್ಕು ಸಾಲಿನ ಒಕ್ಕಣೆ ಹತ್ತು ಸಾಲಾಗಿ, ಬಟನ್‌ಗಳು ಪರದೆಯಾಚೆ ಸರಿದು, ಒಪ್ಪುವುದಕ್ಕೂ ದಾರಿಯಿಲ್ಲ, ಬಿಡುವುದಕ್ಕೂ ದಾರಿಯಿಲ್ಲ. ಮಾತು ಬರೆಯುವ ಡೈಲಾಗಾದರಂತೂ ಕೀಬೋರ್ಡ್ ಮೇಲೆದ್ದು ಉಳಿದ ಜಾಗವನ್ನೂ ತಿನ್ನುತ್ತದೆ. ಪಿಂಚಣಿಯದೋ ಬ್ಯಾಂಕಿನದೋ ಕೆಲಸ ಹಿಡಿದು ಕೂತ ಅಜ್ಜಿಗೆ ಇದು ಸಣ್ಣ ತೊಂದರೆಯಲ್ಲ.

ಪರಿಹಾರ ದೊಡ್ಡದೇನಲ್ಲ. ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕದೆ ಒಳಗಿನ ಮಾತಿಗೆ ತಕ್ಕಂತೆ ಹಿಗ್ಗಲು ಬಿಡಬೇಕು. ಮಾತು ಹೆಚ್ಚಾದರೆ ಅದಷ್ಟೇ ಸ್ಕ್ರಾಲ್ ಆಗಲಿ, ಬಟನ್‌ಗಳು ಕೆಳಗೆ ಸದಾ ಕಾಣುತ್ತಿರಲಿ. ಪಕ್ಕಪಕ್ಕ ಹಿಡಿಸದಿದ್ದರೆ ಒಂದರ ಕೆಳಗೊಂದು ಬರಲಿ.

ಆ್ಯಪ್ ಕಟ್ಟುವ ಗೆಳೆಯರಲ್ಲಿ ಒಂದೇ ಕೋರಿಕೆ. ಜನರ ಕೈಗೆ ಕೊಡುವ ಮುನ್ನ ಫೋನಿನ ಭಾಷೆ ಕನ್ನಡಕ್ಕೆ ತಿರುಗಿಸಿ, ಅಕ್ಷರ ಆದಷ್ಟು ದೊಡ್ಡದು ಮಾಡಿ, ಕೀಬೋರ್ಡ್ ತೆರೆದು, ನಿಮ್ಮ ಡೈಲಾಗನ್ನು ಒಂದೇ ಕೈಯಲ್ಲಿ ಮುಚ್ಚಿ ನೋಡಿ. ಅಲ್ಲಿ ಪಾಸಾದ ಡೈಲಾಗು ಎಲ್ಲರಿಗೂ ಒದಗುತ್ತದೆ.